ಎಡಕ್ಕೆ ತಿರುಗಿದರೆ ಬಲಕ್ಕೆ ವಾಲಬೇಕು

ಮಾರ್ಚ್ ೨, ಭಾನುವಾರ

ಸ್ವಸ್ತಿ ಶ್ರೀ! ಸಮಸ್ತ ನಟ್ಟು ಬೋಲ್ಟುಗಳ ಒಡೆಯನೂ, ಗುಜರಿ ಅಂಗಡಿಗಳ ದಿಗ್ವಿಜಯ ಮುಗಿಸಿ ಮರಳಿದವನೂ, ಲಾರಿಯ ವೈಪರ್ ಮೋಟರುಗಳೆರಡನ್ನು ಪಳಗಿಸಿ ಒಂದೇ ನೊಗಕ್ಕೆ ಕಟ್ಟಿದವನೂ, ಕರೆಂಟು ಹೊಡೆಸಿಕೊಂಡೂ ನಗುನಗುತ್ತ ಎದ್ದವನೂ ಆದ ನಾನು, ಈ ಮನೆಯ ಕಿರಿಯ ಕುಡಿ, ನನ್ನ ಸಿಂಹಾಸನ ಅಪಹರಣವಾದ ಸಂಗತಿಯನ್ನು ಈ ಪುಸ್ತಕದಲ್ಲಿ ಶಾಸನ ಮಾಡಿಸುತ್ತಿದ್ದೇನೆ. ಇದನ್ನು ಅಳಿಸಿದವರು ಏಳೇಳು ಜನ್ಮ ಪಂಕ್ಚರಾದ ಟೈರಾಗಿ ಹುಟ್ಟಲಿ.

ಅಪಹರಿಸಿದವಳು ಹೊರಗಿನವಳಲ್ಲ. ನನ್ನ ಒಡಹುಟ್ಟಿದ ಅಕ್ಕ.

ಸಿಂಹಾಸನ ಅಂದರೆ ಏನು ಎಂದು ಮುಂದಿನ ತಲೆಮಾರು ಕೇಳಬಹುದು. ಕಂಪ್ಯೂಟರಿನಲ್ಲಿ ಕಾರ್ ರೇಸು ಆಡುವಾಗ ಕುರ್ಚಿ ಗೂಟ ಹೊಡೆದಂತೆ ನಿಂತಿರಬಾರದು. ಪರದೆಯ ಮೇಲಿನ ಕಾರಿನ ಜೊತೆ ತಾನೂ ವಾಲಬೇಕು, ಕುಲುಕಬೇಕು, ಬ್ರೇಕು ಒತ್ತಿದರೆ ಮೂಗು ತಗ್ಗಿಸಬೇಕು. ಅಂಥದ್ದನ್ನು ಅಂಗಡಿಯಲ್ಲಿ ಕೊಳ್ಳಬೇಕಾದರೆ ಅಪ್ಪ ತಾವು ಕೆಲಸ ಮಾಡುವ ಬೇಕರಿಯನ್ನೇ ಮಾರಬೇಕು, ಆ ಬೇಕರಿಯಾದರೋ ಅಪ್ಪನದಲ್ಲ. ಹಾಗಾಗಿ ನಾನೇ ಕಟ್ಟಿದೆ. ಕೆಳಗೆ ಕಬ್ಬಿಣದ ಚೌಕಟ್ಟು, ನಡುವೆ ಮೋಟು ಕಂಬ, ಕಂಬದ ನೆತ್ತಿಯಲ್ಲಿ ಹಳೆಯ ವ್ಯಾನಿನಿಂದ ಕಿತ್ತ ಕ್ರಾಸ್ ಜಾಯಿಂಟು, ಅಂದರೆ ನಾಲ್ಕು ದಿಕ್ಕಿಗೂ ಬಾಗುವ ಕೀಲು. ಅದರ ಮೇಲೆ ನಜ್ಜುಗುಜ್ಜಾದ ಕಾರಿನ ಸೀಟು. ಹಿಂದೆ ಎಡಕ್ಕೊಂದು ಬಲಕ್ಕೊಂದು ಮೋಟರು. ಇಡೀ ಚಳಿಗಾಲ ಇದಕ್ಕೇ ಹೋಯಿತು. ಡಿಪ್ಲೊಮಾದ ಒಂದು ವಿಷಯವೂ ಇದಕ್ಕೇ ಹೋಯಿತು.

ಅಕ್ಕ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಕತ್ತಲೆ ಕೋಣೆಯಲ್ಲಿ, ‘ಒಂದಾ ಎರಡಾ, ಯಾವುದು ಸ್ಪಷ್ಟ?’ ಎಂದು ಕೇಳುವುದೇ ಅವಳ ಉದ್ಯೋಗ. ಫೆಬ್ರವರಿಯಲ್ಲಿ ನನ್ನ ಸೀಟಿನಲ್ಲಿ ಕೂತವಳು ಇನ್ನೂ ಎದ್ದಿಲ್ಲ. ಅದೂ ಹೋಗಲಿ, ಅವಳು ಜೋರಾಗಿ ಓಡಿಸುತ್ತಾಳೆ. ಊರೂರಿನವರು ಮನೆಯಲ್ಲೇ ಕೂತು ಓಡಿಸುವ ಪಂದ್ಯವೊಂದಕ್ಕೆ ಹೆಸರು ಕೊಟ್ಟಿದ್ದಾಳೆ. ಅದರಲ್ಲಿ ಮುಂದೆ ಬಂದವರಿಗೆ ನಿಜವಾದ ರೇಸ್ ಕಾರು, ನಿಜವಾದ ಟ್ರ್ಯಾಕು, ಒಂದು ದಿನದ ಪರೀಕ್ಷೆ. ಗೆದ್ದ ಇಬ್ಬರಿಗೆ ರೇಸ್ ತಂಡದಲ್ಲಿ ಕೆಲಸ.

“ಒಂದು ಸಲ ಆದ್ರೂ ಬಿಸಿಲಲ್ಲಿ ನಿಂತು ಕೆಲಸ ಮಾಡ್ಬೇಕಮ್ಮ,” ಅಂದಳು ಊಟಕ್ಕೆ ಕೂತಾಗ.

“ಬಿಸಿಲು ಬೇಕಿದ್ರೆ ಬಟ್ಟೆ ಒಣಗಿಹಾಕು,” ಅಂದರು ಅಮ್ಮ.

ನನ್ನ ಸಿಂಹಾಸನದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಮಾರ್ಚ್ ೪

ಮೈಯೆಲ್ಲ ಉರಿಯುತ್ತಿದೆ. ಅಕ್ಕ ಡಬ್ಬಿ ಮರೆತುಹೋದಳೆಂದು ಅಂಗಡಿಗೆ ಒಯ್ದು ಕೊಟ್ಟೆ, ಪುಣ್ಯಾತ್ಮ ನಾನು. ಫ್ರೇಮು ಒರೆಸುತ್ತಿದ್ದ ಹುಡುಗಿ ಕೇಳಿದಳು: “ಇವನೇನಾ ನಿಮ್ಮ ತಮ್ಮ? ಅದೇನೋ ತೂಗುಕುರ್ಚಿ ಮಾಡಿದ್ದಾನಂತಲ್ಲ?”

ಅಕ್ಕ ತಲೆಯೆತ್ತದೆ, “ಹೂಂ. ಅಲ್ಲಾಡಿಸೋದೂ ಅವನೇ,” ಅಂದಳು. ಇಬ್ಬರೂ ನಕ್ಕರು. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಕೂತಿದ್ದ ಗಿರಾಕಿ ಕೂಡ ನಕ್ಕ, ಏನೂ ಕಾಣದವನು!

ತೂಗುಕುರ್ಚಿ!

ಮಾರ್ಚ್ ೫

ಸೇಡಿನ ದಿನ. ವಿವರವಾಗಿ ದಾಖಲಿಸುತ್ತೇನೆ.

ಕಾರು ಎಡಕ್ಕೆ ತಿರುಗಿದರೆ ಒಳಗೆ ಕೂತವರ ಮೈ ಬಲಕ್ಕೆ ಹೋಗುತ್ತದೆ. ಬಸ್ಸಿನಲ್ಲಿ ನಿಂತು ಹೋದ ಯಾರನ್ನಾದರೂ ಕೇಳಿ. ಆದ್ದರಿಂದ ಪರದೆಯ ಕಾರು ಎಡಕ್ಕೆ ತಿರುಗಿದಾಗ ನನ್ನ ಕುರ್ಚಿ ಬಲಕ್ಕೆ ವಾಲುತ್ತದೆ. ಈ ಲೆಕ್ಕ ಮಾಡುವ ಪ್ರೋಗ್ರಾಮಿನ ಮೂಲೆಯಲ್ಲಿ ಒಂದು ಪುಟಾಣಿ ಚೌಕವಿದೆ. ಅದಕ್ಕೆ ಟಿಕ್ ಹಾಕಿದರೆ ಎಲ್ಲ ಉಲ್ಟಾ. ಎಡಕ್ಕೆ ತಿರುಗಿದರೆ ಎಡಕ್ಕೇ ವಾಲುತ್ತದೆ. ಕಣ್ಣು ಒಂದು ಹೇಳುತ್ತದೆ, ಹೊಟ್ಟೆ ಇನ್ನೊಂದು ಹೇಳುತ್ತದೆ. ಕೂತವರು ಮೂರನೆಯ ತಿರುವಿಗೆ ಬಚ್ಚಲಮನೆಗೆ ಓಡಬೇಕು.

ಟಿಕ್ ಹಾಕಿದೆ. ಬಚ್ಚಲಮನೆಯ ಬಾಗಿಲನ್ನು ದಾರಿಗೆ ಅಡ್ಡವಾಗದಂತೆ ತೆರೆದಿಟ್ಟೆ. ಶತ್ರುವಿನ ಮೇಲೂ ನನಗೆ ಕರುಣೆ ಇದೆ.

ಸಂಜೆ ಅಕ್ಕ ಬಂದಳು, ಕೂತಳು, ಓಡಿಸಿದಳು. ಅರ್ಧ ಗಂಟೆಯಾದರೂ ಏಳಲಿಲ್ಲ. ಕೊನೆಗೆ ಬೆವರು ಒರೆಸಿಕೊಂಡು ಹೊರಗೆ ಬಂದು, “ಏನೋ ಮಾಡಿದೆ ಇದಕ್ಕೆ?” ಅಂದಳು.

“ಏನಿಲ್ವಲ್ಲ. ಎಣ್ಣೆ ಬಿಟ್ಟೆ.”

“ಇಷ್ಟು ದಿನ ನನ್ನ ಜೊತೆ ಜಗಳ ಆಡ್ತಿತ್ತು ಕಣೋ. ಇವತ್ತು ಸ್ಕೂಟರ್ ಓಡಿಸಿದ ಹಾಗಿತ್ತು. ನಾನು ಅಂದ್ಕೊಳ್ಳೋಕೆ ಮೊದಲೇ ವಾಲುತ್ತೆ.” ನನ್ನ ತಲೆ ಸವರಿದಳು. “ಪರವಾಗಿಲ್ಲ ಮಂಗ, ಕೈಚಳಕ ಇದೆ ನಿನಗೆ.”

ಇಷ್ಟು ದಿನದಲ್ಲಿ ಅವಳ ಅತಿ ವೇಗದ ಸುತ್ತು ಇವತ್ತಿನದು.

ಮಾರ್ಚ್ ೬

ಸ್ಕೂಟರ್! ದಿನಾ ಕೆಲಸಕ್ಕೆ ಸ್ಕೂಟರಿನಲ್ಲಿ ಹೋಗುವವಳು. ತಿರುವಿನಲ್ಲಿ ಒಳಕ್ಕೆ ವಾಲಿಯೇ ಅವಳ ಬೆನ್ನುಮೂಳೆ ಬೆಳೆದಿದೆ. ಕಾರಿನ ಲೈಸೆನ್ಸೇನೋ ಇದೆ, ಆದರೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ನಡೆದು ಹೋಗುವವರು ಹಿಂದೆ ಹಾಕುವ ವೇಗದಲ್ಲಿ ಪಡೆದದ್ದು. ಇದು ನನಗೆ ಹೊಳೆಯಲಿಲ್ಲವಲ್ಲ ಎಂದು ಹಲ್ಲು ಕಡಿಯುತ್ತಿದ್ದೇನೆ. ಸೇಡು ತೀರಿಸಲು ಹೋಗಿ ಉಡುಗೊರೆ ಕೊಟ್ಟು ಬಂದೆ.

ಮಾರ್ಚ್ ೧೬

ಪಂದ್ಯದಲ್ಲಿ ಅವಳೀಗ ಮೇಲಿನವರ ಸಾಲಿನಲ್ಲಿದ್ದಾಳೆ. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಮಲಗುವವರು, ಹಗಲು ಮನೆಯಲ್ಲಿ ಚಮಚ ಬಿದ್ದರೂ ಕೂಗಾಡುವವರು, ಅವಳ ರಜದ ದಿನ ಮೋಟರು ಗುರುಗುಟ್ಟಿದರೆ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಾರೆ. ನಾನು ಕಟ್ಟುವಾಗ ಒಂದು ಸುತ್ತಿಗೆ ಏಟಿಗೆ ಚಪ್ಪಲಿ ಹಾರಿ ಬಂದಿತ್ತು. ನ್ಯಾಯ ಎಲ್ಲಿದೆ?

ಟಿಕ್ ತೆಗೆಯಲಿಲ್ಲ. ಯಾಕೆ ತೆಗೆಯಬೇಕು? ಹೊಗಳಿಸಿಕೊಳ್ಳುವುದಾದರೆ ಕಿಡಿಗೇಡಿತನಕ್ಕೇ ಹೊಗಳಿಸಿಕೊಳ್ಳೋಣ.

ಮಾರ್ಚ್ ೨೯

ಬಂತು ಕರೆ. ಏಪ್ರಿಲ್ ೨೬ಕ್ಕೆ ಪರೀಕ್ಷೆ.

ಅಕ್ಕ ಫೋನ್ ಇಟ್ಟು ಅಡುಗೆಮನೆಯಲ್ಲಿ ಅಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. “ಇಳಿಸೇ, ಸೊಂಟ ಹೋಗುತ್ತೆ, ನಿಂದಲ್ಲ ನಂದು!” ಎಂದು ಅಮ್ಮ ಅರಚಿದರು. ಅಪ್ಪ ಎದ್ದು ಬಂದು ಏನೂ ಕೇಳದೆ, ಮಗಳ ಮುಖ ನೋಡಿ, ಬೇಕರಿಯಿಂದ ತಂದಿದ್ದ ಸೊಟ್ಟ ಬ್ರೆಡ್ಡನ್ನು ಕತ್ತರಿಸಿ ಎಲ್ಲರಿಗೂ ಹಂಚಿದರು. ನಮ್ಮ ಮನೆಯಲ್ಲಿ ಸಂಭ್ರಮಕ್ಕೆಲ್ಲ ಮಾರಾಟವಾಗದ ಬ್ರೆಡ್ಡೇ.

ನನ್ನ ತುಂಡನ್ನು ತಟ್ಟೆಗೇ ವಾಪಸಿಟ್ಟೆ. ನಿಜವಾದ ಕಾರಿನಲ್ಲಿ ಟಿಕ್ ಹಾಕುವ ಚೌಕವಿಲ್ಲ.

ಅವಳು ಎಡಕ್ಕೆ ತಿರುಗಿಸುತ್ತಾಳೆ, ಒಂದು ತಿಂಗಳಿಂದ ಕಲಿತಂತೆ ಎಡಕ್ಕೆ ವಾಲುವುದಕ್ಕೆ ಮೈ ಸಜ್ಜಾಗಿರುತ್ತದೆ, ಕಾರು ಅವಳನ್ನು ಬಲಕ್ಕೆ ಎಸೆಯುತ್ತದೆ. ಆ ವೇಗದಲ್ಲಿ. ಕಂಪ್ಯೂಟರಿನಲ್ಲಿ ಗೋಡೆಗೆ ಗುದ್ದಿದರೆ ಒಂದು ಗುಂಡಿ ಒತ್ತಿ ಮತ್ತೆ ಶುರು ಮಾಡಬಹುದು.

ಈ ಪರೀಕ್ಷೆ ಏರ್ಪಡಿಸಿದವರ ಮೇಲೆ ನನಗೆ ಕೆಟ್ಟ ಕೋಪ ಬಂದಿದೆ. ಮನೆಯಲ್ಲಿ ಕೂತು ಆಡುವವರನ್ನು ಕರೆದು ನಿಜವಾದ ಕಾರು ಕೊಡುತ್ತಾರಂತೆ, ಬುದ್ಧಿ ಬೇಡವೆ?

ಮಾರ್ಚ್ ೩೦

ಹೇಳಿಬಿಡೋಣವೆಂದು ಹೋದೆ. “ಅಕ್ಕಾ, ಆ ಕುರ್ಚಿ ಬಗ್ಗೆ ಒಂದು ಮಾತು…”

“ಗೊತ್ತು ಕಣೋ.” ಸ್ಕೂಟರ್ ಒರೆಸುತ್ತಿದ್ದವಳು ಬಟ್ಟೆ ಕೆಳಗಿಟ್ಟಳು. “ತೂಗುಕುರ್ಚಿ ಅಂದಿದ್ದೆ ಅಂತ ನಿನಗೆ ಬೇಜಾರಿದೆ. ತಪ್ಪಾಯ್ತು. ಆ ಕುರ್ಚಿ ಇಲ್ದೆ ಇದ್ದಿದ್ರೆ ನಾನು ಇಲ್ಲಿಗೆ ಬರ್ತಿರ್ಲಿಲ್ಲ.”

ಹೀಗೆ ಮಾತಾಡಿ ಬಾಯಿ ಕಟ್ಟುವ ದುಷ್ಟತನ ಯಾರಿಗೂ ಬೇಡ! ಹಿಂದಿರುಗಿ ಬಂದು ಸದ್ದಿಲ್ಲದೆ ಟಿಕ್ ತೆಗೆದೆ.

ಸಂಜೆ ಅವಳು ಮೊದಲ ತಿರುವಿಗೇ ಗೋಡೆಗೆ ಹೋದಳು. ಎರಡನೆಯ ಸಲವೂ ಅದೇ ಗೋಡೆ. ಬಿಳಿಚಿಕೊಂಡು ಇಳಿದು ಕೂಗಿದಳು: “ಏನು ಮುಟ್ಟಿದೆ? ಹೇಳು, ಏನು ಮುಟ್ಟಿದೆ?”

“ಎಣ್ಣೆ…”

“ನಿನ್ನ ಎಣ್ಣೆಗೆ ಬೆಂಕಿ ಬೀಳ! ಇದ್ದ ಹಾಗೆ ಮಾಡು. ಈಗಲೇ. ಇಪ್ಪತ್ತಾರನೇ ತಾರೀಕಿನವರೆಗೂ ಒಂದು ಮೊಳೆ ಮುಟ್ಟಿದ್ರೂ ನಿನ್ನ ಕೈ ಮುರೀತೀನಿ.”

ಟಿಕ್ ಮತ್ತೆ ಹಾಕಿದೆ. ಹಾಕುವಾಗ ಬೆರಳು ಇಲಿಯ ಮೇಲೆ, ಅಂದರೆ ಮೌಸಿನ ಮೇಲೆ, ಎಷ್ಟು ಜೋರಾಗಿ ಕುಟ್ಟಿದೆನೆಂದರೆ ಅದರ ಮುಚ್ಚಳ ಹಾರಿತು.

ಮಾರ್ಚ್ ೩೧

ಹೋಗಲಿ, ಗೋಡೆಗೆ ಹೋಗಲಿ, ನನಗೇನು?

ಏಪ್ರಿಲ್ ೨

ಊಟದ ಹೊತ್ತಿಗೆ ಅಕ್ಕ ಅಂಗಡಿಯ ಕಥೆ ಹೇಳುತ್ತಿದ್ದಳು. ಅಜ್ಜ ಒಬ್ಬರಿಗೆ ಇನ್ನೊಂದು ಅಂಗಡಿಯವರು ಪೂರ್ತಿ ಪವರಿನ ಕನ್ನಡಕ ಒಂದೇ ಸಲ ಕೊಟ್ಟು ಕಳಿಸಿದ್ದರಂತೆ. ಅಜ್ಜ ಅಂಗಡಿಯ ಮೆಟ್ಟಿಲು ಇಳಿಯುವಾಗಲೇ ಉರುಳಿಬಿದ್ದರಂತೆ.

“ಪವರ್ ಸರಿಯಾಗೇ ಇತ್ತಮ್ಮ. ಆದ್ರೆ ಅವರ ಕಣ್ಣು ವರ್ಷಗಟ್ಟಲೆ ತಪ್ಪಿಗೇ ಹೊಂದಿಕೊಂಡಿದೆ. ಅಂಥವರಿಗೆ ಸರೀದನ್ನ ತಟಕ್ ಅಂತ ಕೊಡಬಾರದು. ಸ್ವಸ್ವಲ್ಪ ಏರಿಸಬೇಕು, ಕಣ್ಣಿಗೆ ಗೊತ್ತಾಗದ ಹಾಗೆ.”

ನಾನು ತಟ್ಟೆ ಬಿಟ್ಟು ಎದ್ದೆ. “ಕೈ ತೊಳೆಯೋ!” ಎಂದು ಅಮ್ಮ ಕೂಗಿದ್ದು ಕೇಳಿಸಿತು.

ತಿರುವಿನಲ್ಲಿ ಕುರ್ಚಿ ಎಷ್ಟು ವಾಲಬೇಕು ಎನ್ನುವುದಕ್ಕೆ ಪ್ರೋಗ್ರಾಮಿನಲ್ಲಿ ಒಂದು ಅಂಕಿ ಇದೆ. ದಿನಾ ಅದನ್ನು ಚೂರು ಚೂರು ಇಳಿಸುವುದು. ಸೊನ್ನೆಗೆ ಬಂದ ದಿನ ಟಿಕ್ ತೆಗೆಯುವುದು. ಅಲ್ಲಿಂದ ಸರಿಯಾದ ದಿಕ್ಕಿಗೆ ಚೂರು ಚೂರು ಏರಿಸುವುದು. ಅವಳು ನನ್ನ ಕೈ ಮುರಿಯುತ್ತೇನೆ ಅಂದದ್ದು ಮೊಳೆ ಮುಟ್ಟಿದರೆ. ಅಂಕಿ ಮುಟ್ಟಿದರೆ ಅಂತ ಹೇಳಿಲ್ಲ.

ಇದು ಅವಳ ಮೇಲಿನ ಪ್ರೀತಿಯಿಂದಲ್ಲ ಎಂದು ಇಲ್ಲಿ ಸ್ಪಷ್ಟಪಡಿಸುತ್ತೇನೆ. ಅವಳು ಗೋಡೆಗೆ ಗುದ್ದಿದರೆ ಅಮ್ಮ ನನ್ನನ್ನು ಕೊಲ್ಲುತ್ತಾರೆ.

ಏಪ್ರಿಲ್ ೯

ಇವತ್ತು ಅಂಕಿ ಸೊನ್ನೆ. ಕುರ್ಚಿ ಬ್ರೇಕಿಗೆ ಬಗ್ಗುತ್ತದೆ, ತಿರುವಿಗೆ ಕಲ್ಲಿನಂತೆ ಕೂತಿರುತ್ತದೆ. ಅಕ್ಕ ದಿನದಿಂದ ದಿನಕ್ಕೆ ನಿಧಾನವಾಗುತ್ತಿದ್ದಾಳೆ. ಕುರ್ಚಿಯನ್ನು ಬೈಯಲಿ ಎಂದು ಕಾದೆ. ಬೈಯಲಿಲ್ಲ. ತನ್ನನ್ನೇ ಬೈದುಕೊಂಡಳು. ಅದನ್ನು ಕೇಳುತ್ತ ಕೂರುವುದು ಎಂಥ ಹಿಂಸೆ ಎಂದು ಅವಳಿಗೆ ಅರ್ಥವಾಗುವುದಿಲ್ಲ, ಅದಕ್ಕೇ ಸಿಟ್ಟು ಬರುತ್ತದೆ.

“ನನ್ನ ಕೈಲಿ ಆಗ್ತಿಲ್ಲ ಕಣೋ,” ಅಂದಳು, ಸೀಟಿನಲ್ಲೇ ಕೂತು ಕೈಗವಸು ಬಿಚ್ಚುತ್ತ. “ಅವತ್ತು ಹೇಗೆ ಓಡಿಸಿದೆನೋ, ಅದೃಷ್ಟ ಇರ್ಬೇಕು. ನಾಳೆ ಫೋನ್ ಮಾಡಿ ಬರಲ್ಲ ಅಂತೀನಿ.”

ನನ್ನ ಬಾಯಿಯಲ್ಲಿ ಇಡೀ ಸತ್ಯ ಬಂದು ನಿಂತಿತ್ತು. ಹೇಳಿದರೆ ಅವಳು ಎದ್ದು ಹೋಗುತ್ತಾಳೆ, ಉಳಿದ ದಿನಗಳೂ ಹಾಳು. ಅದನ್ನು ನುಂಗಿ ಬೇರೆಯದನ್ನು ಉಗುಳಿದೆ.

“ಹಾಗೇ ಮಾಡು. ನಿನಗ್ಯಾಕೆ ಬೇಕು ಇದೆಲ್ಲ? ಕತ್ತಲೆ ಕೋಣೇಲಿ ಒಂದಾ ಎರಡಾ ಅಂತ ಕೇಳ್ಕೊಂಡಿರು. ನಿವೃತ್ತಿ ಆಗೋ ದಿನ ಒಂದು ಫ್ರೇಮು ಫ್ರೀ ಕೊಡ್ತಾರೆ.”

ಕೈಗವಸು ನನ್ನ ಮುಖಕ್ಕೆ ಬಂದು ಬಡಿಯಿತು. ಇನ್ನೊಂದೂ ಬಂತು. “ಕೊಡೋ ಇತ್ಲಾಗೆ!” ಎಂದು ಎರಡನ್ನೂ ಕಸಿದು ಹಾಕಿಕೊಂಡು, ಅಮ್ಮ ಬಂದು ಮೀಟರ್ ಬೋರ್ಡಿನ ಸ್ವಿಚ್ಚು ಆರಿಸುತ್ತೇನೆ ಅನ್ನುವವರೆಗೂ ಓಡಿಸಿದಳು.

ಫೋನ್ ಮಾಡುವುದಿಲ್ಲವಂತೆ.

ಏಪ್ರಿಲ್ ೧೩

ಎಡ ಮೋಟರಿನ ಶಾಫ್ಟು ಕಟ್ಟಾಯಿತು. ದರಿದ್ರ ಮೋಟರು, ದರಿದ್ರ ಶಾಫ್ಟು, ಅದನ್ನು ಎರಕ ಹೊಯ್ದವನ ಕೈಗೆ ಕಜ್ಜಿಯಾಗಲಿ! ಬೆಳಗಿನಿಂದ ಗುಜರಿ ಅಂಗಡಿಯಲ್ಲಿ ಲಾರಿಯ ಹೆಣಗಳ ಒಳಗೆ ತೆವಳಿದೆ. ಗುಜರಿ ಮಾಮ ಸ್ಟೂಲಿನ ಮೇಲೆ ಕೂತು ಮೇಲ್ವಿಚಾರಣೆ ಮಾಡಿದರು.

“ಹೋದ ಸಲ ನಿನ್ನ ಮೆಷಿನ್ನಿಗೆ ಅಂತ ಎರಡು ಒಯ್ದೆಯಲ್ಲೋ?”

“ಅಕ್ಕನ ಮೆಷಿನ್ದು ಒಂದು ಹೋಯ್ತು ಮಾಮ.”

“ಇದು ತಗೋ. ಚೆನ್ನಾಗಿದೆ.”

“ಇದರಲ್ಲಿ ಆಟ ಇದೆ, ಶಾಫ್ಟು ಸಡಿಲ. ಅವಳಿಗೆ ಗೊತ್ತಾಗುತ್ತೆ. ಇನ್ನೊಂದು ತೋರಿಸಿ.”

“ಮದುವೆ ಹೆಣ್ಣು ನೋಡೋಕೆ ಬಂದವರ ಹಾಗೆ ಆಡ್ತೀಯಲ್ಲೋ,” ಎಂದು ಬೈದರು. ಕೊನೆಗೂ ಒಂದು ಒಪ್ಪಿಗೆಯಾಯಿತು. ತಂದು, ಬಿಚ್ಚಿ, ಗ್ರೀಸು ತುಂಬಿ, ಕೂರಿಸಿದೆ. ಬೆಸುಗೆ ಹಾಕುವಾಗ ಹೆಬ್ಬೆರಳು ಸುಟ್ಟಿತು, ಅದಕ್ಕೇ ಈ ಅಕ್ಷರ ಹೀಗೆ. ನಾಳೆ ನನ್ನ ಡಿಪ್ಲೊಮಾದ ಮರುಪರೀಕ್ಷೆಗೆ ಹೆಸರು ಕೊಡಲು ಕೊನೆಯ ದಿನ ಎಂದು ಅಮ್ಮ ನೆನಪಿಸಿದರು. ನಾಳೆ ಎಲ್ಲಿ ಪುರುಸೊತ್ತು? ಬಲ ಮೋಟರನ್ನೂ ಬಿಚ್ಚಿ ನೋಡಬೇಕು.

ಏಪ್ರಿಲ್ ೨೦

ಅಂಕಿ ತುಂಬಿತು. ಸರಿಯಾದ ದಿಕ್ಕು, ಪೂರ್ತಿ ವಾಲು.

ಅಕ್ಕ ಇಳಿದು ಬಂದು ಕುತ್ತಿಗೆ ತಿಕ್ಕಿಕೊಂಡಳು. “ಏನೋ ಬೇರೆ ಆಗಿದೆಯಲ್ಲೋ. ತಿರುವಲ್ಲಿ ಹೊರಗೆ ಎಳೆಯುತ್ತೆ.”

“ಹೊಸ ಮೋಟರಲ್ವಾ.”

“ಹಿಂದೆ ಹಾಗಿತ್ತು, ಈಗ ಹೀಗಿದೆ…”

“ಯಾವುದು ಸ್ಪಷ್ಟ, ಒಂದಾ ಎರಡಾ?” ಅಂದೆ.

ನಗಲಿಲ್ಲ. ನನ್ನ ಕೈ ಎಳೆದು ನೋಡಿದಳು. ಆಮೇಲೆ, “ಹೆಬ್ಬೆರಳಿಗೆ ಏನಾದ್ರೂ ಹಚ್ಚು,” ಎಂದು ಹೋದಳು. ಅವಳ ವೇಗ ಬಹುಮಟ್ಟಿಗೆ ಮರಳಿದೆ, ಪೂರ್ತಿ ಅಲ್ಲ. ಇನ್ನೊಂದು ವಾರ ಇದ್ದಿದ್ದರೆ! ಕ್ಯಾಲೆಂಡರ್ ಮಾಡಿದವನೂ ನನ್ನ ಕೈಗೆ ಸಿಗಬೇಕು.

ಏಪ್ರಿಲ್ ೨೬

ಬೆಳಗ್ಗೆ ಹೋದಳು. ಶುಭವಾಗಲಿ ಎಂದು ನಾನು ಹೇಳಲಿಲ್ಲ. “ಬೆಲ್ಟು ಬಿಗಿಯಾಗಿ ಹಾಕ್ಕೋ” ಅಂದೆ. ಅದು ತಾಂತ್ರಿಕ ಸೂಚನೆ.

ಮಧ್ಯಾಹ್ನವಾದರೂ ಫೋನಿಲ್ಲ. ಅಮ್ಮ ಒಗೆದ ಬಟ್ಟೆಯನ್ನೇ ಮತ್ತೆ ಒಗೆದರು. ಅಪ್ಪ ಮಲಗಿದಂತೆ ನಟಿಸಿದರು. ನಾನು ಕುರ್ಚಿಯ ಬೋಲ್ಟುಗಳನ್ನೆಲ್ಲ ಒಂದು ಸಲ ಬಿಚ್ಚಿ ಬಿಗಿದೆ.

ಫೋನ್ ಮಾಡಲು ಏನು ಧಾಡಿ ಇವಳಿಗೆ?

ಏಪ್ರಿಲ್ ೨೭, ಭಾನುವಾರ

ನಿನ್ನೆ ಸಂಜೆಯೇ ಬಂದಳು. ಕೈಕಾಲು ನೆಟ್ಟಗಿವೆ. ಮೂಗಿನ ತುದಿ ಬಿಸಿಲಿಗೆ ಕೆಂಪಾಗಿದೆ. ಮೂರನೆಯವಳಂತೆ. ತೆಗೆದುಕೊಳ್ಳುವುದು ಇಬ್ಬರನ್ನೇ. ಮುಂದಿನ ವರ್ಷ ಪಂದ್ಯ ಆಡದೆ ನೇರವಾಗಿ ಪರೀಕ್ಷೆಗೆ ಬನ್ನಿ ಅಂದರಂತೆ. ಅಮ್ಮ ಅವಳ ಬೆನ್ನು ಸವರಿದರು, ಅಪ್ಪ ಬ್ರೆಡ್ಡಿಗೆ ಚಾಕು ಹಿಡಿದರು. ಅವಳು ಯಾರನ್ನೂ ನೋಡದೆ ನನ್ನ ಕಾಲರ್ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ಎಷ್ಟು ದಿನ ಉಲ್ಟಾ ಇತ್ತು?”

“ಏನು?”

“ಮೊದಲನೇ ತಿರುವಲ್ಲಿ ಕಾರು ನನ್ನ ಹೊರಗೆ ಎಳೀತು. ಅರೆ, ಮನೇಲಿ ಈಚೆಗೆ ಆಗ್ತಿರೋ ಹಾಗೇ ಇದೆಯಲ್ಲ ಅಂದ್ಕೊಂಡೆ. ಆಮೇಲೆ ಹೊಳೀತು. ಹಾಗಾದ್ರೆ ಅದಕ್ಕೆ ಮುಂಚೆ ಇದ್ದದ್ದು ಏನು? ಹೇಳೋ!”

ಹೇಳಿದೆ. ಟಿಕ್ಕು, ಸೇಡು, ಅಂಕಿ, ಸೊನ್ನೆ, ಎಲ್ಲ. ಮಧ್ಯದಲ್ಲಿ ಒಂದೂ ತಮಾಷೆ ಸೇರಿಸಲಿಲ್ಲ, ಬಾಯಿಗೆ ಬರಲೇ ಇಲ್ಲ.

“ಆ ದಿನಗಳಲ್ಲಿ ನಾನು ಅಂಗಡಿ ಸ್ಟೋರ್ ರೂಮಲ್ಲಿ ಕೂತು ಅಳ್ತಿದ್ದೆ, ಗೊತ್ತಾ ನಿನಗೆ?” ಧ್ವನಿ ಏರಲಿಲ್ಲ, ಅದೇ ಭಯಂಕರ. “ನನ್ನಲ್ಲಿ ಏನೂ ಇಲ್ಲ, ಅದೃಷ್ಟಕ್ಕೆ ಬಂದವಳು ಅಂತ. ನೀನು ಪಕ್ಕದಲ್ಲಿ ನಿಂತು ನೋಡ್ತಿದ್ದೆ.”

ನೋಡುತ್ತಿದ್ದದ್ದು ನಿಜ.

“ಮೊದಲೇ ಸರಿ ಇದ್ದಿದ್ರೆ ಇಬ್ಬರಲ್ಲಿ ಒಬ್ಬಳಾಗ್ತಿದ್ದೆ. ಉಲ್ಟಾ ಇಲ್ದೆ ಇದ್ದಿದ್ರೆ ಅಲ್ಲಿಗೆ ಹೋಗ್ತಾನೇ ಇರ್ಲಿಲ್ಲ. ಅದಕ್ಕೇ ನಿನಗೆ ಎಷ್ಟು ಬಾರಿಸಬೇಕು ಅಂತ ಲೆಕ್ಕ ಸಿಗ್ತಿಲ್ಲ.”

“ಸುಮಾರಾಗಿ ಬಾರಿಸು,” ಅಂದೆ.

ಬಾರಿಸಲಿಲ್ಲ. ಕಂಪ್ಯೂಟರಿನ ಮುಂದೆ ಬಗ್ಗಿ, ಹುಡುಕಿ, ಆ ಚೌಕಕ್ಕೆ ತನ್ನ ಕೈಯಾರೆ ಟಿಕ್ ಹಾಕಿದಳು. ಅಂಕಿಯನ್ನು ತುದಿಗೆ ಏರಿಸಿದಳು.

“ಕೂತ್ಕೋ.”

“ಅಕ್ಕಾ…”

“ಕೂತ್ಕೊಳ್ಳೋ! ಬೆಲ್ಟು ಬಿಗಿಯಾಗಿ ಹಾಕ್ಕೋ.”

ನಾನು ಅಧಿಪತಿ, ನಾನು ದಿಗ್ವಿಜಯಿ, ಕೂತೆ. ಮೊದಲ ತಿರುವಿಗೆ ಬೆವರಿದೆ. ಎರಡನೆಯದಕ್ಕೆ ಕಣ್ಣು ಮುಚ್ಚಿದೆ. ಮೂರನೆಯದು ಮುಗಿಯುವ ಮೊದಲೇ ಬೆಲ್ಟು ಕಿತ್ತು ಬಚ್ಚಲಮನೆಗೆ ಓಡಿದೆ. ಹೊರಗೆ ಅಕ್ಕ ಗೋಡೆಗೆ ಒರಗಿ ನಗುತ್ತಿರುವುದು ಕೇಳಿಸಿತು, ಮೊದಲು ಸಿಟ್ಟಿನ ನಗು, ಆಮೇಲೆ ಬರೀ ನಗು. ಬಾಗಿಲ ಸಂದಿಯಿಂದ ನೀರಿನ ಚೊಂಬು ಒಳಗೆ ಬಂತು. “ಈಗ ಸಮ ಆಯ್ತು ನೋಡು. ನಾಳೆ ಟಿಕ್ ತೆಗೆದಿಡು, ಮುಂದಿನ ವರ್ಷಕ್ಕೆ ಈಗಿಂದಲೇ ಶುರು ಮಾಡ್ಬೇಕು,” ಅಂದಳು.

ಸಮ ಆಗಿದೆ ಎಂದು ಅವಳು ನಂಬಿದ್ದಾಳೆ. ನಂಬಿಕೊಂಡಿರಲಿ. ಟಿಕ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಕುರ್ಚಿ ಮುಗಿದ ಮೊದಲ ದಿನವೇ, ಎಲ್ಲ ಸರಿಯಾದ ದಿಕ್ಕಿನಲ್ಲಿದ್ದಾಗಲೇ, ನಾನು ಇದೇ ಬಚ್ಚಲಮನೆಗೆ ಓಡಿದ್ದೆ. ಮರುದಿನವೂ ಓಡಿದ್ದೆ. ಆಮೇಲೆ ಬಾಯಿ ತೊಳೆದುಕೊಂಡು ಹೋಗಿ, ಟೀ ಕುಡಿಯುತ್ತ ಕೂತಿದ್ದ ಅಕ್ಕನ ಕೈ ಹಿಡಿದು ಎಬ್ಬಿಸಿ, ಸೀಟಿನಲ್ಲಿ ಕೂರಿಸಿದವನು ನಾನೇ.